ಮುಂಬೈ ಆಫೀಸಿನ ಮಧ್ಯಾಹ್ನದ ಊಟ: ಡಬ್ಬಾನಾ, ಉಡುಪಿ ಹೋಟೆಲಾ, ವಡಾಪಾವಾ?

ದೂರದ ಉಪನಗರ ಡೊಂಬಿವಲಿಯಲ್ಲಿ ಮನೆ, ದಕ್ಷಿಣ ಮುಂಬೈನ ಫೋರ್ಟ್‌ನಲ್ಲಿ ಹೊಸ ಕೆಲಸ, ಮಧ್ಯಾಹ್ನಕ್ಕೇನು ಮಾಡಲಿ ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ವಡಾಪಾವ್‌ಗೆ ಸಾಟಿ ಇಲ್ಲ. ನಿಂತಲ್ಲೇ ತಿಂದು ಮುಗಿಸಬಹುದು. ಆದರೆ ನಾಲ್ಕು ಗಂಟೆಗೆ ಮತ್ತೆ ಹಸಿವು. ದಿನಾ ತಿಂದರೆ ಎದೆಯುರಿ ಬೇರೆ.

ಮನೆಯಿಂದ ಊಟದ ಡಬ್ಬಾ ಒಯ್ದು ಆಫೀಸಿಗೆ ತಲುಪಿಸುವ ಡಬ್ಬಾವಾಲಾಗೆ ತಿಂಗಳ ಲೆಕ್ಕದಲ್ಲಿ ದುಡ್ಡು. 1890ರಿಂದ ನಡೆದು ಬಂದ ವ್ಯವಸ್ಥೆ ಇದು. ಯಾವ ಸ್ಟೇಷನ್‌ನಲ್ಲಿ ಇಳಿಸಬೇಕು, ಯಾವ ಕಟ್ಟಡದ ಎಷ್ಟನೇ ಮಹಡಿ, ಎಲ್ಲವೂ ಡಬ್ಬಾದ ಮೇಲಿನ ಬಣ್ಣ, ಅಕ್ಷರ, ಅಂಕಿಯಲ್ಲೇ ಇರುತ್ತದೆ. ಬೆಳಗಿನ ನೂಕುನುಗ್ಗಲಿನಲ್ಲಿ ಲೋಕಲ್ ಹತ್ತುವಾಗ ನಿಮ್ಮ ಕೈ ಖಾಲಿ. ಸಾರು ಚೆಲ್ಲುವ ಭಯವಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಸುಖ. ಖಾಲಿ ಡಬ್ಬಾವೂ ಅದೇ ದಿನ ಮನೆಗೆ ವಾಪಸ್. ತೊಡಕು ಒಂದೇ: ನೀವು ಹೊರಟ ಮೇಲೆ ಅಡುಗೆ ಮುಗಿಸಿ ಡಬ್ಬಾ ಕೊಡುವವರು ಮನೆಯಲ್ಲಿರಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ಕಷ್ಟ, ಅಲ್ವಾ?

ಉಡುಪಿ ಹೋಟೆಲಿನ ರೈಸ್ ಪ್ಲೇಟ್‌ಗೆ ದಿನಾ ಹೋದರೆ ಖರ್ಚು ಜಾಸ್ತಿ. ಒಂದು ಗಂಟೆಗೆ ಹೋದರೆ ಜಾಗಕ್ಕೆ ಕಾಯಬೇಕು. ಆದರೂ ಬಿಸಿ ಸಾಂಬಾರ್, ಗಲ್ಲಾದಲ್ಲಿ ಕೂತವರ ಜೊತೆ ಕನ್ನಡದಲ್ಲೋ ತುಳುವಲ್ಲೋ ಎರಡು ಮಾತು! (ಬಾಳೆಎಲೆ ಊಟವೇ ಬೇಕೆಂದರೆ ರಜೆ ದಿನ ಮಾಟುಂಗಾದ ಉಡುಪಿ ಹೋಟೆಲು ರಾಮಾ ನಾಯಕ್‌ಗೆ ಹೋಗಿ. 1942ರಿಂದ ಇದೆ.)

ಮನೆಯಲ್ಲಿ ಅಮ್ಮನೋ ಅತ್ತೆಯೋ ಖುಷಿಯಿಂದ ಅಡುಗೆ ಮಾಡುತ್ತಿದ್ದರೆ ಡಬ್ಬಾ ಹಚ್ಚಿ. ಪಿಜಿಯಲ್ಲಿ ಒಬ್ಬರೇ ಇದ್ದರೆ ಉಡುಪಿ ಹೋಟೆಲೇ ಸರಿ. ವಡಾಪಾವ್ ಮೀಟಿಂಗ್ ಮೇಲೆ ಮೀಟಿಂಗ್ ಇರುವ ದಿನಕ್ಕೆ, ಇಲ್ಲವೇ ತಿಂಗಳ ಕೊನೆಗೆ.