ಒಂದೇ ವಾಚು, ನಾಲ್ಕು ಊರು, ಕೊನೆಗೆ ದೇವನಹಳ್ಳಿ

ಅಪ್ಪನ ಎಚ್‌ಎಂಟಿ ಜನತಾಕ್ಕೆ ಬೆಳಗ್ಗೆ ಕೀ ಕೊಡುವುದು ಚಿಕ್ಕಂದಿನಲ್ಲಿ ನನ್ನ ಪಾಲಿನ ಕೆಲಸ. ಜಾಸ್ತಿ ತಿರುಗಿಸಿದರೆ ಸ್ಪ್ರಿಂಗ್ ಹೋಗುತ್ತೆ ಅಂತ ಅವರು ಪೇಪರಿನ ಹಿಂದಿನಿಂದಲೇ ಗದರುತ್ತಿದ್ದರು. ಐವತ್ತು ತುಂಬಿದ ವರ್ಷ ನನಗೂ ಒಂದು ಒಳ್ಳೇ ವಾಚು ಬೇಕು ಅನ್ನಿಸಿತು. ಆಗ ಹಾಕಿಕೊಂಡ ಷರತ್ತು ಒಂದೇ, ಅದು ಕೀ ಕೊಡುವ ವಾಚೇ ಆಗಿರಬೇಕು. ಹುಡುಕಾಟ ಕೊನೆಗೆ ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್‌ಗೆ ಬಂದು ನಿಂತಿತು. 1969ರಲ್ಲಿ ಆಲ್ಡ್ರಿನ್ ಕೈಗೆ ಕಟ್ಟಿಕೊಂಡು ಚಂದ್ರನ ಮೇಲೆ ಓಡಾಡಿದ್ದು ಇದೇ ಸಾಲಿನ ವಾಚು. ನನಗೆ ಅದಕ್ಕಿಂತ ಹಿಡಿಸಿದ್ದು ಅದರ ಪ್ಲಾಸ್ಟಿಕ್ ಗಾಜು. ಜನತಾದ ಗಾಜಿಗೆ ಗೀರು ಬಿದ್ದಾಗ ಅಪ್ಪ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಿದ್ದರು. ಲಕ್ಷಗಟ್ಟಲೆ ಬೆಲೆಯ ಇದಕ್ಕೂ ಹೆಚ್ಚುಕಮ್ಮಿ ಅದೇ ಮದ್ದು.

ಬೆಂಗಳೂರಿನ ಶೋರೂಮಿನಲ್ಲಿ ಹೊಸದಕ್ಕೆ ಆರೂವರೆ ಲಕ್ಷದ ಆಸುಪಾಸು ಹೇಳಿದರು. 'ಹೊರಗಡೆ ತಗೊಂಡ್ರೆ ಅರ್ಧಕ್ಕರ್ಧ ಉಳಿಯುತ್ತೆ' ಅಂದವರು ಆಫೀಸಿನಲ್ಲಿ ಒಬ್ಬರಲ್ಲ, ಇಬ್ಬರಲ್ಲ. ಆ 2024ರಲ್ಲೇ ಕೆಲಸ, ನೆಂಟರು ಅಂತ ದುಬೈ, ಜ್ಯೂರಿಕ್, ಸಿಂಗಪುರ, ಟೋಕಿಯೊ ನಾಲ್ಕೂ ಕಡೆ ಹೋಗುವ ಯೋಗ ಬಂತು. ಹೋದಲ್ಲೆಲ್ಲ ಇದೇ ವಾಚನ್ನು ಕೈಗೆ ಕಟ್ಟಿ ನೋಡಿ, ಬೆಲೆ ಬರೆದುಕೊಂಡು ಬಂದೆ.

ಮೊದಲು ತೆರಿಗೆ ವಾಪಸಿನ ಲೆಕ್ಕ, ಯಾಕಂದರೆ ನಾನು ಎಡವಿದ್ದೇ ಅಲ್ಲಿ. ಪ್ರವಾಸಿಗಳು ಕೊಂಡದ್ದನ್ನು ದೇಶದಾಚೆ ಒಯ್ದರೆ ಅದರ ಮೇಲಿನ ಮಾರಾಟ ತೆರಿಗೆಯನ್ನು ಹಿಂದಕ್ಕೆ ಕೊಡುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ 2024ರಿಂದ ವ್ಯಾಟ್ 8.1 ಶೇಕಡಾ, ಸಿಂಗಪುರದಲ್ಲಿ ಜಿಎಸ್‌ಟಿ 9, ಜಪಾನಿನಲ್ಲಿ 10, ದುಬೈಯಲ್ಲಿ 5. ಜಪಾನಿನಲ್ಲಿ ಹತ್ತು ಅಂದ ಕೂಡಲೇ ಬೆಲೆಯಲ್ಲಿ ಹತ್ತು ಶೇಕಡಾ ಕಮ್ಮಿಯಾಗುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ಚೀಟಿಯ ಮೇಲಿನ ಬೆಲೆಯೊಳಗೆ ತೆರಿಗೆ ಆಗಲೇ ಸೇರಿರುತ್ತದೆ. 110ರಲ್ಲಿ 10 ತೆಗೆದರೆ ಕಮ್ಮಿಯಾಗುವುದು ಒಂಬತ್ತು ಶೇಕಡಾ ಮಾತ್ರ. ಸ್ವಿಸ್‌ನ 8.1 ಹೀಗೆ ಏಳೂವರೆಗೆ ಇಳಿಯುತ್ತದೆ, ಅದರಲ್ಲೂ ವಾಪಸು ಮಾಡಿಸಿಕೊಡುವ ಕಂಪನಿ ತನ್ನ ಪಾಲು ಹಿಡಿದುಕೊಳ್ಳುತ್ತದೆ. ದುಬೈಯಲ್ಲಿ ಕಟ್ಟಿದ ವ್ಯಾಟ್‌ನ 85 ಶೇಕಡಾ ಮಾತ್ರ ಕೊಡುತ್ತಾರೆ. ಅದರಲ್ಲೂ ವಾಪಸಿನ ಚೀಟಿಯೊಂದಕ್ಕೆ 4.80 ದಿರ್ಹಮ್ ಶುಲ್ಕ ಮುರಿದುಕೊಳ್ಳುತ್ತಾರೆ. ನಿಜವಾಗಿ ಕೈಗೆ ಬರುವುದು ಬೆಲೆಯ ನಾಲ್ಕು ಶೇಕಡಾ.

ದುಬೈಯಲ್ಲಿ ಮಜಾ ಇತ್ತು, ವ್ಯಾಪಾರ ಆಗಲಿಲ್ಲ. ನನ್ನ ಹೆಂಡತಿಯ ತಮ್ಮ ದೇರಾದಲ್ಲಿ ಹದಿನೈದು ವರ್ಷದಿಂದ ಇದ್ದಾನೆ. 'ಭಾವ, ಚೌಕಾಸಿ ಮಾಡದೆ ಇಲ್ಲಿ ಏನೂ ತಗೋಬೇಡಿ' ಅಂತ ಮೊದಲೇ ಎಚ್ಚರಿಸಿದ್ದ. ಗೋಲ್ಡ್ ಸೂಕ್ ಅನ್ನುವ ಚಿನ್ನದ ಪೇಟೆ ಕಡೆ ಹೋದರೆ ಹೆಜ್ಜೆಗೊಬ್ಬ ಪಕ್ಕಕ್ಕೆ ಬಂದು 'ಕಾಪಿ ವಾಚ್, ಕಾಪಿ ವಾಚ್' ಅಂತ ಪಿಸುಗುಟ್ಟುತ್ತಾನೆ. ಅವರನ್ನು ದಾಟಿ ದೊಡ್ಡ ಮಾಲಿನ ಅಧಿಕೃತ ಅಂಗಡಿಗೆ ಹೋದೆವು. ಭಾವಮೈದ ಬಾಯಿ ಬಿಟ್ಟ ಮೇಲೆ ಕೊಂಚ ರಿಯಾಯಿತಿ ಕೊಡುವುದಕ್ಕೆ ಒಪ್ಪಿದರು. ರಿಯಾಯಿತಿ, ವ್ಯಾಟ್ ವಾಪಸು ಎರಡೂ ಸೇರಿಸಿ ನೋಡಿದರೆ ಬೆಂಗಳೂರಿಗಿಂತ ಅಗ್ಗವೇ. ಆದರೆ ಇನ್ನೂ ಮೂರು ಊರು ಬಾಕಿ. 'ಆಮೇಲೆ ನೋಡೋಣ' ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ಜ್ಯೂರಿಕ್‌ಗೆ ಹೋದದ್ದು ಮೇ ತಿಂಗಳಲ್ಲಿ. ಬಾನ್‌ಹೋಫ್‌ಸ್ಟ್ರಾಸೆ ಅನ್ನುವ ಬೀದಿಯಲ್ಲಿ ಒಂದರ ಪಕ್ಕ ಒಂದು ವಾಚಿನಂಗಡಿ. ನಮ್ಮ ಅವೆನ್ಯೂ ರೋಡಿನಲ್ಲಿ ಚಿನಿವಾರರ ಅಂಗಡಿಗಳು ಇರುವ ಹಾಗೆ, ಗಲಾಟೆಯೊಂದು ಬಿಟ್ಟು. ಭಾನುವಾರ ಕಾಣಿಸಿಕೊಂಡವನಿಗೆ ಮುಚ್ಚಿದ ಬಾಗಿಲುಗಳೇ ದರ್ಶನ ಕೊಟ್ಟವು. ಸೋಮವಾರ ಒಳಗೆ ಹೋದರೆ ಕಾಫಿ, ಚಾಕೊಲೇಟು, ಬಿಳಿ ಕೈಗವಸು. ಬೆಲೆ ನಮ್ಮ ರೂಪಾಯಿಯಲ್ಲಿ ಆರು ಲಕ್ಷದ ಸುತ್ತಮುತ್ತ. ಒಂದು ಫ್ರಾಂಕೂ ಇಳಿಯಲಿಲ್ಲ. ವಾಚು ಹುಟ್ಟಿದ ದೇಶದಲ್ಲೇ ಅಗ್ಗ ಅನ್ನುವುದು ಮಾವಿನಹಣ್ಣಿನ ಲೆಕ್ಕ, ಇಲ್ಲಿ ನಡೆಯುವುದಿಲ್ಲ. ಕಂಪನಿಯವರು ಎಲ್ಲ ದೇಶದ ಬೆಲೆಯನ್ನೂ ಒಂದಕ್ಕೊಂದು ಹತ್ತಿರದಲ್ಲೇ ಇಟ್ಟಿರುತ್ತಾರೆ. ನಡುವಿನ ವ್ಯತ್ಯಾಸ ಅಂದರೆ ತೆರಿಗೆ, ಆ ವಾರದ ವಿನಿಮಯ ದರ, ಅಷ್ಟೇ.

ಅಲ್ಲಿ ಇನ್ನೊಂದು ವಿಷಯ ತಿಳಿಯಿತು. ಒಂದೇ ಅಂಗಡಿಯಲ್ಲಿ 300 ಫ್ರಾಂಕ್‌ಗೆ ಮೇಲ್ಪಟ್ಟು ಕೊಂಡರೆ ವ್ಯಾಟ್ ವಾಪಸಿನ ಚೀಟಿ ಸಿಗುತ್ತದೆ, 90 ದಿನದೊಳಗೆ ವಸ್ತು ದೇಶದಾಚೆ ಹೋಗಬೇಕು. ಚೀಟಿಗೆ ಸ್ವಿಸ್ ಕಸ್ಟಮ್ಸಿನವರ ಮೊಹರೇ ಬೇಕು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲ. ರೈಲು ಹತ್ತಿ ಪ್ಯಾರಿಸ್‌ಗೆ ಹೋಗಿ, ಅಲ್ಲಿಂದ ವಿಮಾನ ಹಿಡಿದು, 'ಕೊನೆಯ ಏರ್‌ಪೋರ್ಟಿನಲ್ಲಿ ಮೊಹರು ಹಾಕಿಸಿಕೊಂಡರಾಯಿತು' ಅಂದುಕೊಂಡರೆ ಆ ದುಡ್ಡಿನ ಆಸೆ ಬಿಡಬೇಕು. ಹೀಗೆ ಕಳೆದುಕೊಂಡ ಸಹೋದ್ಯೋಗಿಯೊಬ್ಬರ ಗೋಳನ್ನು ಎರಡು ಊಟದಷ್ಟು ಹೊತ್ತು ಕೇಳಿದ್ದೇನೆ.

ಸಿಂಗಪುರದಲ್ಲಿ ಇದ್ದದ್ದು ಎರಡೇ ದಿನ, ಟೋಕಿಯೊಗೆ ಹೋಗುವ ದಾರಿಯಲ್ಲಿ. ಅಲ್ಲಿಯವರೆಗೆ ಕಂಡ ಮೂರು ಊರಿನ ಪೈಕಿ ತೆರಿಗೆ ವಾಪಸಿನ ವ್ಯವಸ್ಥೆ ಇಲ್ಲಿಯದೇ ಚೆನ್ನ. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಲೆಕ್ಕ ಕಂಪ್ಯೂಟರಿಗೆ ಏರುತ್ತದೆ, ಚಾಂಗಿ ಏರ್‌ಪೋರ್ಟಿನಲ್ಲಿ ಒಂದು ಕಿಯಾಸ್ಕ್ ಮುಂದೆ ನಿಂತರೆ ಮುಗಿಯಿತು. ಸೆಕೆಂಡ್ ಹ್ಯಾಂಡ್ ನೋಡುವ ಯೋಚನೆ ಹುಟ್ಟಿದ್ದೂ ಇಲ್ಲೇ. ಆರ್ಚರ್ಡ್ ರಸ್ತೆಯ ಹಳೇ ಮಾಲೊಂದರಲ್ಲಿ ಸ್ಪೀಡ್‌ಮಾಸ್ಟರಿನ ಹಿಂದಿನ ಮಾಡೆಲ್ ಸಿಕ್ಕಿತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅನುಮಾನ ಬಂದದ್ದೂ ಅದರಿಂದಲೇ. ಈ ವಾಚಿನಲ್ಲಿ ಚೈನು ಸೇರುವ ನಾಲ್ಕು ಕೊಂಬುಗಳ ಅಂಚು ಚೂಪಾಗಿ, ಸ್ವಲ್ಪ ತಿರುಚಿದ ಹಾಗೆ ಇರುತ್ತದೆ. ಇದರಲ್ಲಿ ಅದು ಸವೆದು ಸಾಬೂನಿನಂತಾಗಿತ್ತು. ಎಷ್ಟು ಸಲ ಪಾಲಿಶ್ ಮಾಡಿಸಿದ್ದೀರಿ ಅಂದೆ. 'ನೆವರ್ ಸರ್, ಒರಿಜಿನಲ್' ಅಂದ. ಬೆಲೆ ಮಾತ್ರ ನಾನು ಬಾಗಿಲ ಹತ್ತಿರ ಬರುವಷ್ಟರಲ್ಲಿ ಮೂರು ಸಲ ಇಳಿಯಿತು.

ಟೋಕಿಯೊದಲ್ಲಿ ಇಳಿದದ್ದು ಜುಲೈ ಮೊದಲ ವಾರ. ಯೆನ್ ಪಾತಾಳ ಕಂಡಿದ್ದ ವಾರ ಅದು. ಡಾಲರಿಗೆ 161ರ ಹತ್ತಿರ ಹೋಗಿತ್ತು, ನಮ್ಮ ಲೆಕ್ಕದಲ್ಲಿ ಯೆನ್‌ಗೆ 52 ಪೈಸೆ. ಶಿಂಜುಕುವಿನಿಂದ ಚುವೊ ರಾಪಿಡ್ ರೈಲಿನಲ್ಲಿ ಒಂದೇ ನಿಲ್ದಾಣ ಆಚೆ ನಕಾನೊ. ಸ್ಟೇಷನ್ನಿನ ಎದುರಿನ ಸನ್ ಮಾಲ್ ಅನ್ನುವ ಮುಚ್ಚಿಗೆಯ ಬೀದಿ ದಾಟಿದರೆ ನಕಾನೊ ಬ್ರಾಡ್‌ವೇ. 1966ರ ಕಟ್ಟಡ, ಬೊಂಬೆ, ಕಾಮಿಕ್ಸ್, ಹಳೇ ಆಟಿಕೆಗಳ ಗೂಡು. ಇಷ್ಟು ದುಬಾರಿ ವಾಚುಗಳು ಇಲ್ಲಿರುತ್ತವೆ ಅಂದರೆ ಹೊರಗಿನಿಂದ ನೋಡಿದವರು ನಂಬುವುದಿಲ್ಲ. ಮೂರನೇ ಮಹಡಿಯಲ್ಲಿ ಗಾಜಿನ ಕಪಾಟುಗಳು ಉದ್ದಕ್ಕೆ ಸಾಲಾಗಿ ನಿಂತಿವೆ, ಒಂದೊಂದರಲ್ಲೂ ನೂರಾರು. ಬೆಳಗ್ಗೆ ಬಂದರೆ ಪ್ರಯೋಜನವಿಲ್ಲ, ಹನ್ನೊಂದರ ಮೇಲೆಯೇ ಬರಬೇಕು.

ಇಲ್ಲಿ ನನ್ನನ್ನು ಗೆದ್ದದ್ದು ಬೆಲೆಯಲ್ಲ, ಚೀಟಿ. ಪ್ರತಿ ವಾಚಿನ ಪಕ್ಕ ಸಣ್ಣ ಕಾರ್ಡು, ಅದರಲ್ಲಿ ಸ್ಥಿತಿಗೆ ಒಂದು ದರ್ಜೆ: ಎ, ಎಬಿ, ಬಿ ಹೀಗೆ. ಜೊತೆಗೆ ಡಬ್ಬಿ ಇದೆಯೋ, ಗ್ಯಾರಂಟಿ ಕಾರ್ಡು ಇದೆಯೋ, ಪಾಲಿಶ್ ಆಗಿದೆಯೋ, ಗೀರು ಎಲ್ಲಿದೆ, ಎಲ್ಲ ಬರೆದಿರುತ್ತದೆ. ನಾನು ಕೇಳಿದ ವಾಚು 3570.50 ಅನ್ನುವ ಮಾಡೆಲ್, ಒಳಗಿರುವುದು 1861 ಅನ್ನುವ ನಂಬರಿನ ಎಂಜಿನ್. 2021ರಲ್ಲಿ ಒಮೆಗಾದವರು ಈ ಎಂಜಿನ್ ಬಿಟ್ಟು 3861 ಹಾಕಿದರು. ಹೊಸದು ಹೆಚ್ಚು ಕರಾರುವಾಕ್ಕು, ಕೀ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಹಳೆಯದರಲ್ಲಿ ನಿಲ್ಲುವುದಿಲ್ಲ, ಟೈಮು ಸರಿಮಾಡುವಾಗಲೂ ಅದು ತನ್ನ ಪಾಡಿಗೆ ಓಡುತ್ತಿರುತ್ತದೆ. ನನಗೆ ಅದೇ ಇಷ್ಟವಾಯಿತು. ಮಗಳು ಕೇಳಿದರೆ ಕಾರಣ ಹೇಳಲಾರೆ.

ಕೌಂಟರಿನಲ್ಲಿದ್ದ ಹೆಂಗಸು ವಾಚನ್ನು ಮಖಮಲ್ಲಿನ ತಟ್ಟೆಯಲ್ಲಿಟ್ಟರು. ಭೂತಗನ್ನಡಿ ಕೊಟ್ಟು, ನಾನು ಕೇಳುವ ಮೊದಲೇ ಚೈನಿನ ಕೊಂಡಿಯ ಮೇಲಿದ್ದ ತಗ್ಗನ್ನು ಬೆರಳಿನಿಂದ ತೋರಿಸಿದರು. ಇನ್ನೊಂದು ತಗ್ಗು ಹಿಂಬದಿಯಲ್ಲಿ. ಎಬಿ ದರ್ಜೆ, ಗ್ಯಾರಂಟಿ ಕಾರ್ಡು ಇಲ್ಲ, ಅದಕ್ಕೇ ಬೆಲೆ ಕಮ್ಮಿ ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರು. ಕೊಂಬುಗಳ ಅಂಚು ಹಾಗೇ ಚೂಪಾಗಿತ್ತು. ಆಮೇಲೆ ಗೊತ್ತಾಯಿತು, ಜಪಾನಿನಲ್ಲಿ ಹಳೇ ಸಾಮಾನು ಮಾರುವವರಿಗೆ 1949ರಿಂದಲೇ ಪ್ರತ್ಯೇಕ ಕಾನೂನು ಇದೆ. ಪರವಾನಗಿ ಬರುವುದು ಪೊಲೀಸ್ ಠಾಣೆಯ ಮೂಲಕ, ಮಾರಲು ತಂದವರ ಗುರುತನ್ನೂ ಅಂಗಡಿಯವರು ಬರೆದಿಡಬೇಕು. ಕದ್ದ ಮಾಲಿನ ಭಯ ಇದರಿಂದ ಬಹಳ ಮಟ್ಟಿಗೆ ಕಮ್ಮಿ.

ಭಾವಮೈದನ ಮಾತು ನೆನಪಾಗಿ ಚೌಕಾಸಿಗೆ ಬಾಯಿ ತೆರೆದೆ. ಆಕೆ ನಕ್ಕು ತಲೆ ಬಾಗಿಸಿದರು. ಇಲ್ಲ ಅನ್ನುವುದನ್ನು ಅಷ್ಟು ಮರ್ಯಾದೆಯಿಂದ ಯಾರೂ ನನಗೆ ಹೇಳಿರಲಿಲ್ಲ. ತೆರಿಗೆ ಸೇರಿ 6,38,000 ಯೆನ್, ಪಾಸ್‌ಪೋರ್ಟ್ ತೋರಿಸಿದ ಕೂಡಲೇ 5,80,000. ಅರ್ಜಿ, ಏರ್‌ಪೋರ್ಟಿನಲ್ಲಿ ಸಾಲು ಯಾವುದೂ ಇಲ್ಲ. (ಈ ಸುಖಕ್ಕೆ ಗಡುವಿದೆ. 2026ರ ನವೆಂಬರ್ 1ರಿಂದ ಜಪಾನಿನಲ್ಲೂ ತೆರಿಗೆ ಮೊದಲು ಕಟ್ಟಿ, ಹೊರಡುವಾಗ ವಾಪಸು ಪಡೆಯುವ ಪದ್ಧತಿ.) ಕಾರ್ಡು ಉಜ್ಜುವಾಗ ಯಂತ್ರ ರೂಪಾಯಿಯೋ ಯೆನ್ನೋ ಅಂತ ಕೇಳಿತು. ಇಲ್ಲಿ ಕಣ್ಣುಮುಚ್ಚಿ ಯೆನ್ ಒತ್ತಬೇಕು. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅವರೇ ಹಾಕುತ್ತಾರೆ, ಆ ದರ ನಮಗೆ ಒಳ್ಳೆಯದಿರುವುದಿಲ್ಲ. ಯೆನ್ ಒತ್ತಿದರೂ ನನ್ನ ಬ್ಯಾಂಕು ಮೂರೂವರೆ ಶೇಕಡಾ, ಅದರ ಮೇಲೆ ಜಿಎಸ್‌ಟಿ ಹಾಕಿತು. ಅದೇ ಹನ್ನೆರಡು ಸಾವಿರ ಚಿಲ್ಲರೆ.

ಆಫೀಸಿನವರ 'ಅರ್ಧಕ್ಕರ್ಧ' ಲೆಕ್ಕದಲ್ಲಿ ದೇವನಹಳ್ಳಿ ಇರಲೇ ಇಲ್ಲ. ನಾನು ಬಂದಿಳಿದಾಗ ವಿದೇಶದಿಂದ ತರುವ ಸಾಮಾನಿಗೆ ಸುಂಕವಿಲ್ಲದ ಮಿತಿ 50,000 ರೂಪಾಯಿ, ಅದರ ಮೇಲಿನ ಮೊತ್ತಕ್ಕೆ 38.5 ಶೇಕಡಾ. ಮಿತಿ, ದರ ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ. ಈ ಸುಂಕ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಚಿತ್ರವೇ ತಲೆಕೆಳಗಾಯಿತು. ಜ್ಯೂರಿಕ್ಕಿನ ಹೊಸ ವಾಚು ವ್ಯಾಟ್ ವಾಪಸಾದ ಮೇಲೆ ಐದೂಮುಕ್ಕಾಲು ಲಕ್ಷದೊಳಗೆ ಬರುತ್ತಿತ್ತು, ಸುಂಕ ಕಟ್ಟಿದ್ದರೆ ಏಳೂವರೆ ದಾಟುತ್ತಿತ್ತು. ಬೆಂಗಳೂರಿನ ಶೋರೂಮಿಗಿಂತ ಒಂದು ಲಕ್ಷ ಜಾಸ್ತಿ! ದುಬೈಯ ರಿಯಾಯಿತಿಯ ಕಥೆಯೂ ಇದೇ. ಇಲ್ಲೇ ವಾಸ ಇರುವವರು ಇಲ್ಲೂ ಸಿಗುವ ಹೊಸ ಮಾಡೆಲನ್ನು ಹೊರಗಿನಿಂದ ತರುವುದಕ್ಕೆ ನನಗೆ ಆಗ ಒಂದೇ ಒಂದು ಕಾರಣ ಕಾಣಲಿಲ್ಲ. ಲೆಕ್ಕ ಕೂಡಿದ್ದು ನಕಾನೊದ ಹಳೇ ವಾಚಿಗೆ ಮಾತ್ರ.

'ಅಯ್ಯೋ, ಕೈಗೆ ಕಟ್ಕೊಂಡು ಗ್ರೀನ್ ಚಾನೆಲ್‌ನಲ್ಲಿ ಬಂದ್ಬಿಡಿ, ಯಾರು ಕೇಳ್ತಾರೆ' ಅನ್ನುವ ಉಪದೇಶ ನನಗೂ ಸಿಕ್ಕಿತ್ತು. ಕೇಳದೆ ಇರಬಹುದು. ಕೇಳಿದರೆ ದಂಡ ಕಟ್ಟಬೇಕು, ವಾಚೇ ಜಪ್ತಿಯಾಗಬಹುದು, ಹೇಗಿದ್ದರೂ ಅದು ಕಳ್ಳಸಾಗಣೆಯೇ. ಮೂರು ಗಂಟೆ ರಾತ್ರಿಯಲ್ಲಿ, ಸುಂಕದ ಸಾಮಾನು ಇದೆ ಅಂತ ಹೇಳಿಕೊಳ್ಳುವವರ ರೆಡ್ ಚಾನೆಲ್ಲಿಗೆ ಹೋಗಿ ನಿಂತೆ. ಅಲ್ಲಿ ನಾನೊಬ್ಬನೇ. ಅಧಿಕಾರಿ ಬಿಲ್ಲು ನೋಡಿದರು, ವಾಚು ತಿರುಗಿಸಿ ನೋಡಿದರು.

'ಬ್ಯಾಟರಿದಾ?'

'ಇಲ್ಲ ಸಾರ್, ಕೀ ಕೊಡೋದು.'

'ಹಳೇದು, ಅದೂ ಕೀ ಕೊಡೋ ವಾಚಿಗೆ ಮೂರು ಲಕ್ಷ ಕೊಟ್ರಾ?' ಅಂತ ನನ್ನ ಮುಖವನ್ನೇ ನೋಡಿದರು. ಅವರ ಪ್ರಶ್ನೆ ಸುಂಕದ್ದಾಗಿರಲಿಲ್ಲ. ಲೆಕ್ಕ ಹಾಕಿ ಹತ್ತಿರ ಹತ್ತಿರ 97 ಸಾವಿರ ಅಂದರು, ಅಲ್ಲೇ ಕಟ್ಟಿದೆ. ಒಟ್ಟಿಗೆ ನಾಲ್ಕು ಲಕ್ಷ ಹತ್ತು ಸಾವಿರದ ಆಚೀಚೆ. ಅಂಗಡಿಯವರ ಒಂದು ವರ್ಷದ ವಾರಂಟಿ ಬಿಟ್ಟರೆ ಹೊಸದಕ್ಕೆ ಕೊಡುವ ಐದು ವರ್ಷದ ಭರವಸೆ ಇದಕ್ಕಿಲ್ಲ, ಸರ್ವಿಸ್ ಖರ್ಚು ಮುಂದೆ ಬರುವುದಿದೆ.

ಸುಂಕದ ರಸೀದಿಯನ್ನು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ, ಅಸಲು ವಾಚಿನ ಡಬ್ಬಿಯಲ್ಲಿದೆ. ಮುಂದಿನ ಸಲ ದುಬೈಗೆ ಇದನ್ನೇ ಕಟ್ಟಿಕೊಂಡು ಹೋಗುವವನು. ವಾಪಸು ಬರುವಾಗ ಯಾರಾದರೂ ಎಲ್ಲಿಂದ ಬಂತು ಅಂದರೆ ರಸೀದಿ ತೋರಿಸಬಹುದು. ಭಾವಮೈದ ಎಷ್ಟು ಬಿತ್ತು ಅಂದರೆ ಏನು ಹೇಳಲಿ ಅನ್ನುವುದಷ್ಟೇ ಇನ್ನೂ ಹೊಳೆದಿಲ್ಲ.