ಸೆಲ್ಸಿಯ ಕಡಲಡಿಯ ಟ್ಯಾಂಕ್‌ಗಳು: ಒಂದು ಡೈವಿಂಗ್ ದೋಣಿಯ ವಿಮರ್ಶೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೆಲ್ಸಿ ಭೂಶಿರದಾಚೆ, ಸುಮಾರು 20 ಮೀಟರ್ ಆಳದಲ್ಲಿ, ಎರಡನೇ ಮಹಾಯುದ್ಧದ ಎರಡು ಸೆಂಟಾರ್ ಟ್ಯಾಂಕ್‌ಗಳೂ ಎರಡು ಉಕ್ಕಿನ ಕವಚದ ಬುಲ್ಡೋಜರ್‌ಗಳೂ ಬಿದ್ದಿವೆ. ಅಲ್ಲಿಗೆ ಸ್ಕೂಬಾ ಡೈವರ್‌ಗಳನ್ನು ಕರೆದೊಯ್ಯುವ ಬಾಡಿಗೆ ದೋಣಿಯೊಂದರ ಸೇವೆಯನ್ನು ಕುರಿತು ಈ ಬರಹ.

ಇವನ್ನು ಹೊತ್ತಿದ್ದ ಎಲ್‌ಸಿಟಿ(ಎ) 2428 ಎಂಬ ಲ್ಯಾಂಡಿಂಗ್ ಕ್ರಾಫ್ಟ್ (ಟ್ಯಾಂಕ್‌ಗಳನ್ನು ನೇರವಾಗಿ ದಡಕ್ಕೆ ಇಳಿಸುವ ನೌಕೆ) 1944ರ ಜೂನ್ 5ರಂದು, ಮಿತ್ರಪಡೆಗಳು ದಾಳಿಗೆ ಇಳಿಯಲಿದ್ದ ಫ್ರಾನ್ಸಿನ ನಾರ್ಮಂಡಿಯ ಜೂನೋ ತೀರಕ್ಕೆ ಹೊರಟಿತ್ತು. ದಾರಿಯಲ್ಲಿ ಎಂಜಿನ್ ಕೆಟ್ಟು ಲಂಗರು ಹಾಕಿದ ಅದನ್ನು ಜಾಂಟಿ ಎಂಬ ಟಗ್ (ಕೆಟ್ಟ ನೌಕೆಗಳನ್ನು ಎಳೆಯುವ ಹಡಗು) ಎಳೆದು ತರುತ್ತಿದ್ದಾಗ ನೀರು ತುಂಬಿ ಮಗುಚಿತು. ಸರಕೆಲ್ಲ ತಳ ಸೇರಿತು; ತಲೆಕೆಳಗಾಗಿ ತೇಲುತ್ತಿದ್ದ ಒಡಲನ್ನು ಟಗ್ಗಿನವರೇ ಗುಂಡು ಹೊಡೆದು ಮುಳುಗಿಸಿದರು. ಸಿಬ್ಬಂದಿಯಲ್ಲಿ ಯಾರೂ ಸಾಯಲಿಲ್ಲ. ಮುಳುಗಿದ ಯುದ್ಧನೌಕೆಗಳ ವಿಷಯದಲ್ಲಿ ಇಷ್ಟು ನಿರಾಳವಾಗಿ ಹೇಳಬಹುದಾದ ಮಾತು ಅಪರೂಪ. ಹೀಗಾಗಿ ಟ್ಯಾಂಕ್‌ಗಳು ಒಂದು ಕಡೆ, ನೌಕೆ ಕೆಲವು ಕಿಲೋಮೀಟರ್ ಆಚೆ.

ಇಲ್ಲಿನ ನೀರಿನ ಸೆಳೆತ ಬಲವಾದುದು. ಉಬ್ಬರ ಮತ್ತು ಇಳಿತದ ನಡುವೆ ನೀರು ನಿಲ್ಲುವ ಅಲ್ಪ ಹೊತ್ತಿನಲ್ಲೇ ಡೈವ್ ಮುಗಿಯಬೇಕಾದ್ದರಿಂದ ದೋಣಿ ನಡೆಸುವವರ ಲೆಕ್ಕಾಚಾರವೇ ಸೇವೆಯ ಜೀವಾಳ, ಮತ್ತು ಆ ವಿಷಯದಲ್ಲಿ ಇವರಿಗೆ ಪೂರ್ಣ ಅಂಕ ಕೊಡಬಹುದು: ತೇಲುಬುರುಡೆಯ ಹಗ್ಗ ಹಿಡಿದು ಇಳಿದರೆ ನೇರವಾಗಿ ಟ್ಯಾಂಕಿನ ಬಳಿಗೇ ತಲುಪುತ್ತೇವೆ. ಹಸಿರು ಮಬ್ಬಿನಲ್ಲಿ ಮೊದಲು ಗುರುತು ಸಿಗುವುದು ಗಾಲಿಗಳ ಸಾಲು. ಟಾರ್ಚ್ ಹಾಯಿಸಿದರೆ ಸಂದುಗಳಲ್ಲಿ ಸಿಂಗಡಿಯ ದೊಡ್ಡಣ್ಣನಂತಿರುವ ಲಾಬ್‌ಸ್ಟರ್, ಸುತ್ತಲೂ ಮೀನಿನ ಹಿಂಡು.

ಕೊರತೆಯಿರುವುದು ಇಳಿಯುವ ಮೊದಲಿನ ವಿವರಣೆಯಲ್ಲಿ. ಸುರಕ್ಷತೆಯ ಸೂಚನೆಗಳು ಚೊಕ್ಕವಾಗಿದ್ದವು, ಆದರೆ ಸೌತ್‌ಸೀ ಸಬ್-ಆಕ್ವಾ ಕ್ಲಬ್ಬಿನ ಹವ್ಯಾಸಿ ಡೈವರ್‌ಗಳು ದಾಖಲೆಗಳನ್ನು ಕೆದಕಿ ಈ ಸರಕು ಯಾವ ನೌಕೆಯದೆಂದು ಪತ್ತೆಹಚ್ಚಿದ ಕಥೆಯನ್ನು ಯಾರೂ ಹೇಳಲಿಲ್ಲ. ಟ್ಯಾಂಕ್‌ಗಳಿರುವ ತಾಣ 2019ರಿಂದ ಸಂರಕ್ಷಿತ ಸ್ಮಾರಕವಾಗಿದ್ದು ಅಲ್ಲಿಂದ ಏನನ್ನೂ ಎತ್ತುವಂತಿಲ್ಲ ಎಂಬುದನ್ನಂತೂ ಹೇಳಲೇಬೇಕಿತ್ತು.

ಮುರುಡೇಶ್ವರದ ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಡೈವಿಂಗ್ ಕಲಿತವರು ಇಲ್ಲಿಗೆ ನೇರವಾಗಿ ಬರಬಾರದು. ಬೇಸಿಗೆಯಲ್ಲೂ ನೀರು ತಣ್ಣಗೆ ಕೊರೆಯುವುದರಿಂದ ನೀರು ಒಳಗಿಳಿಯದ ಡೈವಿಂಗ್ ಉಡುಪಾದ ಡ್ರೈಸೂಟಿನ ಅಭ್ಯಾಸ ಮೊದಲೇ ಆಗಿರಬೇಕು. ನೌಕೆ ಮತ್ತು ಟ್ಯಾಂಕ್‌ಗಳ ನಡುವೆ ಒಂದನ್ನೇ ಆರಿಸಬೇಕಾದರೆ ಟ್ಯಾಂಕ್‌ಗಳನ್ನೇ ಆರಿಸಿರಿ. ಗಾಳಿ ಜೋರಾಗಿದ್ದು ಪ್ರಯಾಣ ರದ್ದಾದರೆ ಮುಂಗಡ ಹಣ ಮರಳುತ್ತದೆಯೇ ಎಂಬುದನ್ನು ಕಾಯ್ದಿರಿಸುವಾಗಲೇ ಕೇಳಿಕೊಳ್ಳಿರಿ.