ಹೋಟೆಲಿಗೊಂದು ಎಚ್‌ಆರ್ ಕಡತ: ಕೆಲಸದ ಹಾಳೆ ಚೆನ್ನ, ನಿಯಮಾವಳಿ ತಿದ್ದಿಸಿಕೊಳ್ಳಿ

ಟೇಬಲ್ ಒರೆಸುವುದು ಸಪ್ಲೈಯರ್ ಕೆಲಸವೋ, ಕ್ಲೀನರ್ ಕೆಲಸವೋ? ಉಡುಪಿಯ ಹೋಟೆಲುಗಳಲ್ಲಿ ಬೆಳಗ್ಗಿನ ರಶ್‌ನಲ್ಲಿ ಮಾತಿಗೆ ಮಾತು ಬೆಳೆಯುವುದು ಇಂಥದ್ದಕ್ಕೇ. ಮಂಗಳೂರಿನ ಕನ್ಸಲ್ಟೆನ್ಸಿಯೊಂದು ಸಣ್ಣ ಹೋಟೆಲುಗಳಿಗೆ ಮಾಡಿಕೊಡುವ ಎಚ್‌ಆರ್ (ಸಿಬ್ಬಂದಿ ವ್ಯವಹಾರದ) ಕಡತದಲ್ಲಿ ಯಾರ ಕೆಲಸ ಏನೆಂದು ಹೇಳುವ, ಹುದ್ದೆಗೊಂದು ಹಾಳೆ ಇದೆ, ಜೊತೆಗೆ ನಿಯಮಾವಳಿ.

ಹಾಳೆಗಳಿಗೆ ಕೊಟ್ಟ ದುಡ್ಡು ದಂಡವಲ್ಲ. ಭಟ್ರು ಒಲೆ ಹಚ್ಚುವಲ್ಲಿಂದ ರಾತ್ರಿ ಕ್ಯಾಶ್ ಲೆಕ್ಕ ಮುಗಿಯುವ ತನಕ ಕನ್ಸಲ್ಟೆನ್ಸಿಯವರು ಎರಡು ದಿನ ನಿಂತು ನೋಡಿಯೇ ಬರೆಯುತ್ತಾರೆ. ಯಾರ ಕೈಕೆಳಗೆ, ಐದಾರು ಮುಖ್ಯ ಕೆಲಸ, ಕೇಳದೆ ಏನು ನಿರ್ಧರಿಸಬಹುದು, ರಜೆ ಹಾಕಿದರೆ ಕೆಲಸ ಯಾರ ಪಾಲಿಗೆ ಎಂಬುದೆಲ್ಲ ಇದೆ. ಕೊನೆಯ ಎರಡೇ ನಿಜಕ್ಕೂ ಉಪಯೋಗಕ್ಕೆ ಬರುವಂಥವು. ಸ್ಟೋರ್ ನೋಡುವವರು 2,000 ರೂಪಾಯಿಯ ತನಕ ತರಕಾರಿ ತಾವೇ ತರಿಸಬಹುದು ಎಂದಿದ್ದರೆ ಪ್ರತಿ ಸಲ ಧಣಿಗಳಿಗೆ ಫೋನ್ ಹೋಗುವುದಿಲ್ಲ. ‘ಹಿಟ್ಟು ರುಬ್ಬುವುದು’ ಎಂದಷ್ಟೇ ಅಲ್ಲ, ‘ರಾತ್ರಿ 10ರೊಳಗೆ ಇಡ್ಲಿ ಹಿಟ್ಟು ರುಬ್ಬಿ, ಗ್ರೈಂಡರ್ ತೊಳೆದಿಡುವುದು’ ಎಂದಿದೆ. ತಕರಾರು ಒಂದೇ: ಪ್ರತಿ ಹಾಳೆಯ ಬುಡದಲ್ಲಿ ‘ಮಾಲಕರು ಹೇಳುವ ಇತರ ಕೆಲಸ’ ಎಂಬ ಸಾಲು. ಅದು ಮೇಲೆ ಬರೆದದ್ದನ್ನೆಲ್ಲ ನುಂಗಿ ಕೂರುತ್ತದೆ. ಹೊಡೆದುಹಾಕಿಸಿ, ಇಲ್ಲವೇ ದಿನಕ್ಕೆ ಇಷ್ಟೇ ಹೊತ್ತು ಎಂದು ಮಿತಿ ಹಾಕಿಸಿ.

ನಿಯಮಾವಳಿ ಮಾತ್ರ ಯಾವುದೋ ಐಟಿ ಕಂಪನಿಯದ್ದು, ಹೆಸರು ಬದಲಿಸಿದ್ದಾರೆ ಅಷ್ಟೇ. ವರ್ಕ್ ಫ್ರಂ ಹೋಮ್ ಕಲಮೂ ಹಾಗೇ ಉಳಿದಿದೆ, ದೋಸೆ ಭಟ್ರಿಗೆ! ರಜೆಯ ಪಟ್ಟಿಯೂ ಇಲ್ಲಿಗೆ ಹೊಂದುವುದಿಲ್ಲ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ರಾಜ್ಯ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ರಜೆ. ಮೇಲೆ ಐದು ಹಬ್ಬ. ಕಡತದ ಆ ಐದರಲ್ಲಿ ಉಡುಪಿಯ ಕೃಷ್ಣಾಷ್ಟಮಿ ಉತ್ಸವವಾದ ವಿಟ್ಲಪಿಂಡಿಯೂ ಇಲ್ಲ, ಕರಾವಳಿ ಕ್ರೈಸ್ತರ ಮೊಂತಿ ಹಬ್ಬವೂ ಇಲ್ಲ. ವಿಟ್ಲಪಿಂಡಿಗೆ ಕೃಷ್ಣ ಮಠದ ರಥಬೀದಿಯ ಸುತ್ತ ಹೋಟೆಲ್ ಮುಚ್ಚಲಾಗದು, ಸರಿ. ಪಟ್ಟಿಯಲ್ಲಿದ್ದರೆ ಆ ದಿನ ದುಡಿದವರಿಗೆ ಇಮ್ಮಡಿ ಸಂಬಳ ಅಥವಾ ಸಂಬಳ ಸಹಿತ ಬದಲಿ ರಜೆ ಸಿಗುತ್ತದೆ.

ದೊಡ್ಡ ತಪ್ಪು ಲೈಂಗಿಕ ಕಿರುಕುಳ ತಡೆ ಸಮಿತಿಯದ್ದು. 10 ಅಥವಾ ಹೆಚ್ಚು ಜನ ದುಡಿಯುವಲ್ಲಿ 2013ರ ಕಾಯ್ದೆಯಂತೆ ಸಮಿತಿ ಕಡ್ಡಾಯ. ಹಿರಿಯ ಮಹಿಳೆಯೇ ಅಧ್ಯಕ್ಷೆ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಸದಸ್ಯರೊಬ್ಬರು ಇರಬೇಕು. ಕಡತದ ಸಮಿತಿಯಲ್ಲಿರುವ ಮೂವರೂ ಒಳಗಿನವರೇ. ಇಂಥ ಸಮಿತಿ ನಡೆಸಿದ ವಿಚಾರಣೆಯನ್ನು ಯಾರಾದರೂ ಪ್ರಶ್ನಿಸಿದರೆ ನಿಲ್ಲುವುದು ಕಷ್ಟ.

ಎಲ್ಲವೂ ಇಂಗ್ಲಿಷಿನಲ್ಲೇ ಇದೆ; ಕನ್ನಡ ಪ್ರತಿಗೆ ಬೇರೆ ದುಡ್ಡು. ಸಹಿ ಹಾಕಬೇಕಾದವರು ಕ್ಲೀನರ್, ಸಪ್ಲೈಯರ್‌ಗಳು. ಆರ್ಡರ್ ಕೊಡುವಾಗಲೇ ಅದನ್ನೂ ಸೇರಿಸಿ ರೇಟು ಮಾತಾಡಿ.